ಗುಡಿ ಪಕ್ಕದಲ್ಲಿ ಅಕ್ಷರದ ಕಲ್ಲು ಬಿದ್ದಿದೆ, ಏನು ಮಾಡಬೇಕು?

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲೂಕಿನ ಸಣ್ಣ ಊರು. ಹನುಮಂತ ದೇವರ ಗುಡಿ ಪಕ್ಕದಲ್ಲಿ ಒಂದು ಕಲ್ಲು ಅರ್ಧ ಹೂತುಹೋಗಿದೆ. ಅದರ ಮೇಲೆ ಹಳೆಗನ್ನಡದ ಅಕ್ಷರಗಳಿದ್ದ ಹಾಗೆ ಕಾಣುತ್ತದೆ. ಈಗ ಗುಡಿ ಹೊಸದಾಗಿ ಕಟ್ಟಿಸಲು ಹೊರಟಿದ್ದಾರೆ. ಕಲ್ಲು ಕಿತ್ತು ತೊಳೆದು, ಬಣ್ಣ ಹಚ್ಚಿ ಗೋಡೆಗೆ ಕೂಡಿಸೋಣ ಅಂತ ಊರ ಹುಡುಗರು ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ: ಬೇಡ. ಕಲ್ಲು ಎಲ್ಲಿದೆಯೋ ಅಲ್ಲೇ ಇರಲಿ. ಬಣ್ಣವಂತೂ ಬೇಡವೇ ಬೇಡ.

ನಿಮ್ಮ ತಾಲೂಕಿನದೇ ಒಂದು ಸಂಗತಿ ನೆನಪಿಸುತ್ತೇನೆ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿ ಇದೆಯಲ್ಲ, 1986ರಲ್ಲಿ ಆ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆಯಿತು. ಅದನ್ನು ನಿಲ್ಲಿಸಿದ್ದ ಪೀಠದ ಕಲ್ಲು ನೋಡಿದರೆ, ಎರಡೂ ಬದಿಗೆ ಬ್ರಾಹ್ಮಿ ಅನ್ನುವ ಬಹಳ ಹಳೆಯ ಲಿಪಿಯ ಅಕ್ಷರ. ಅದು ಅಶೋಕನ ಶಾಸನ! ಸಾಮ್ರಾಟ ಬರೆಸಿದ ಮಾತಿನ ಮೇಲೆ ನೂರಾರು ವರ್ಷ ದೇವಿ ನಿಂತಿದ್ದಳು, ದಿನಾ ಪೂಜೆಯೂ ನಡೆದಿತ್ತು. ಆದರೆ ಮೂರ್ತಿ ಕೂಡಿಸಲು ಯಾರೋ ಯಾವಾಗಲೋ ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಕೊರೆದವರಿಗೆ ಅದು ಗಟ್ಟಿಯಾದ ಒಳ್ಳೆಯ ಕಲ್ಲು, ಅಷ್ಟೇ. ನಿಮ್ಮೂರ ಹುಡುಗರ ಮನಸ್ಸೂ ಒಳ್ಳೆಯದೇ, ನನಗೆ ಗೊತ್ತು. ಅದಕ್ಕೇ ಇದನ್ನು ಮೊದಲು ಹೇಳಿದೆ.

ನಿಮ್ಮ ಕಲ್ಲಿನಲ್ಲಿ ಏನಿರಬಹುದು? ಮೇಲ್ಗಡೆ ಸೂರ್ಯ, ಚಂದ್ರ, ಲಿಂಗ, ಹಸು-ಕರು ಕೆತ್ತಿದ್ದರೆ ಅದು ಬಹುತೇಕ ದಾನಶಾಸನ. ಗುಡಿಗೋ, ಕೆರೆಗೋ, ಪಾಠ ಹೇಳುವವರಿಗೋ ಭೂಮಿ ಬಿಟ್ಟ ಲೆಕ್ಕ. ಇಷ್ಟು ಮತ್ತರು (ಆ ಕಾಲದ ಭೂಮಿಯ ಅಳತೆ) ಹೊಲ, ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು ಅಂತ ಗಡಿ ಹೇಳಿರುತ್ತಾರೆ. ಕಲ್ಲು ಅಲ್ಲೇ ಇದ್ದರೆ ಇವತ್ತಿಗೂ ಆ ಹಳ್ಳ ಯಾವುದು, ಆ ಹೊಲ ಯಾವುದು ಅಂತ ನಡೆದು ನೋಡಬಹುದು. ಕಿತ್ತು ಒಯ್ದರೆ ಅಕ್ಷರ ಉಳಿಯುತ್ತದೆ, ಅದು ತೋರಿಸುತ್ತಿದ್ದ ನೆಲ ತಪ್ಪಿಹೋಗುತ್ತದೆ.

ಒಂದು ಮಾತು ಊರವರಿಗೆಲ್ಲ ಕೇಳುವ ಹಾಗೆ ಹೇಳಿ: ಶಾಸನದ ಕೆಳಗೆ ನಿಧಿ ಇರುವುದಿಲ್ಲ. ಇರುತ್ತದೆ ಅನ್ನುವ ನಂಬಿಕೆಯಿಂದ ನಮ್ಮ ಕಡೆ ಎಷ್ಟು ಕಲ್ಲುಗಳು ರಾತ್ರೋರಾತ್ರಿ ಒಡೆದುಹೋಗಿವೆ! ನಿಧಿ ಅಂದರೆ ಅದರಲ್ಲಿ ಬರೆದಿದ್ದೇ. ಚಿತ್ತಾಪುರದ ಪಕ್ಕದ ನಾಗಾವಿಯನ್ನೇ ನೋಡಿ. ಅಲ್ಲಿ ದೊಡ್ಡ ಘಟಿಕಾಸ್ಥಾನ ಇತ್ತು, ಅಂದರೆ ಆ ಕಾಲದ ಕಾಲೇಜು. ಪುಸ್ತಕ ನೋಡಿಕೊಳ್ಳಲು 6 ಜನ ಸರಸ್ವತೀ ಭಂಡಾರಿಗರು ಇದ್ದರು. 1058ರ ಒಂದು ಕಲ್ಲು ಉಳಿದಿದ್ದಕ್ಕೆ ಇದು ಗೊತ್ತಾಯಿತು. ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿ ಲೈಬ್ರರಿ ನೋಡಿಕೊಳ್ಳುವವರಿಗೆ ಸಂಬಳ ಕೊಡುತ್ತಿದ್ದರು ಅಂದರೆ ಹೆಮ್ಮೆ ಅನಿಸುತ್ತದೆ, ಅಲ್ವಾ?

ಈಗ ಕೆಲಸಕ್ಕೆ ಬರೋಣ. ಕಲ್ಲಿನ ಮೇಲಿನ ಮಣ್ಣನ್ನು ಮೆತ್ತನೆ ಬ್ರಷ್ಷು, ಬರೀ ನೀರಿನಿಂದ ತೆಗೆಯಿರಿ. ತಂತಿ ಬ್ರಷ್ಷು, ಸೋಪಿನ ಪುಡಿ, ಆಸಿಡ್ ಮುಟ್ಟಿಸಬೇಡಿ. ನಮ್ಮ ಶಹಾಬಾದ್ ಫರಸಿ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆ ಬರುತ್ತದೆ. ಕೊಳೆಯ ಜೊತೆ ಅಕ್ಷರವೂ ಕರಗುತ್ತದೆ. ಅಕ್ಷರ ಎದ್ದು ಕಾಣಲಿ ಅಂತ ಆಯಿಲ್ ಪೇಂಟ್ ತುಂಬುವವರೂ ಇದ್ದಾರೆ. ತಿಳಿಯದೆ ತುಂಬುವಾಗ ‘ಪ’ ಇದ್ದದ್ದು ‘ವ’ ಆಗುತ್ತದೆ, ಆಮೇಲೆ ಓದುವವರಿಗೆ ದಾರಿಯೇ ತಪ್ಪುತ್ತದೆ.

ಫೋಟೊ ತೆಗೆಯಲು ಮಧ್ಯಾಹ್ನ ಹೋಗಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಒಂದೂರಿನ ಅಗಸಿ, ಅಂದರೆ ಊರ ಹೆಬ್ಬಾಗಿಲ ಹತ್ತಿರ ನಾನು ಒಂದು ಕಲ್ಲು ನೋಡುತ್ತಿದ್ದೆ. ಕಟ್ಟೆ ಮೇಲೆ ಕೂತಿದ್ದ ಮುತ್ಯಾ, ‘ಅದರಾಗ ಏನೈತ್ರಿ, ನಾವು ಕುಡಗೋಲು ಮಸೀತಿದ್ದ ಕಲ್ಲು ಅದು’ ಅಂದರು. ನಿಜ, ನಡುವೆ ನುಣ್ಣಗೆ ಸವೆದು ತಗ್ಗಾಗಿತ್ತು. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿನ ಅಂಚಿಗೆ ಅಡ್ಡ ಹಿಡಿದೆ. ಮೊದಲ ಸಾಲಿನ ಗೆರೆಗಳಿಗೆ ನೆರಳು ಬಿತ್ತು. ‘ಸ್ವಸ್ತಿ’ ಅಂತ ಓದಿದೆ; ಎಷ್ಟೋ ಶಾಸನಗಳು ಶುರುವಾಗುವುದೇ ಈ ಶುಭದ ಮಾತಿನಿಂದ. ಮುತ್ಯಾ ಎದ್ದು ಬಂದು ಆ ಅಕ್ಷರದ ಮೇಲೆ ಬೆರಳಾಡಿಸಿ ಸುಮ್ನೆ ನಿಂತರು. ಆಮೇಲೆ ಅವರೇ ಶುರು ಮಾಡಿದರು: ಆಚೆಗಿರೋದು ‘ಬಸ್ತಿ ಹೊಲ’ ಅಂತೆ, ಅಲ್ಲಿ ಬಸ್ತಿ (ಜೈನರ ಗುಡಿ) ಇದ್ದದ್ದನ್ನು ಅವರ ಮುತ್ಯಾನೂ ಕಂಡಿಲ್ಲವಂತೆ. ಹೊಲದ ಹೆಸರು, ಬಾವಿಯ ಹೆಸರು, ಜಾತ್ರೆಯ ಕಥೆ, ಇವನ್ನೆಲ್ಲ ಕಲ್ಲಿನ ಜೊತೆಗೇ ಬರೆದಿಡಿ. ಮುತ್ಯಾಗಳ, ಆಯಿಗಳ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿ. ಕಲ್ಲು ಇನ್ನೂ ನೂರು ವರ್ಷ ಕಾಯಬಹುದು, ಇವರು ಕಾಯಲಾರರು.

ಫೋಟೊದ ಜೊತೆ ಊರು, ಕಲ್ಲು ಇರುವ ಜಾಗ, ಉದ್ದ-ಅಗಲ, ತೆಗೆದ ದಿನ ಬರೆದು ಕಲಬುರಗಿಯ ಪುರಾತತ್ವ ಇಲಾಖೆಗೆ ಅಥವಾ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ, ಇತಿಹಾಸ ವಿಭಾಗಗಳಿಗೆ ತಲುಪಿಸಿ. ಮೈಸೂರಿನಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗವೇ ಇದೆ. ದರ್ಗಾ, ಮಸೀದಿ ಹತ್ತಿರ ಫಾರ್ಸಿ ಬರಹದ ಕಲ್ಲು ಸಿಕ್ಕರೆ ಅದಕ್ಕೆ ನಾಗಪುರದಲ್ಲಿ ಬೇರೆ ವಿಭಾಗ ಉಂಟು. ಕಲ್ಲು ಊರಾಚೆ ಒಂಟಿಯಾಗಿದ್ದರೆ ಸರಿಯಾದ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಹಾಕಬೇಡಿ. ನಿಧಿಗಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಓದಿಸಿದ ಮೇಲೆ ಅದರ ಅರ್ಥವನ್ನು ಇವತ್ತಿನ ಕನ್ನಡದಲ್ಲಿ ಬರೆಸಿ, ಕಲ್ಲಿಗೆ ತಾಗದಂತೆ ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಿ. ಶಾಲೆಯ ಮಕ್ಕಳಿಗೆ ಅಲ್ಲೇ ಕೂಡಿಸಿ ಪಾಠ ಮಾಡಬಹುದು.

ಗುಡಿ ಕೆಲಸ ಶುರುವಾಗುವ ಮೊದಲೇ ಹುಡುಗರನ್ನು ಕರೆದುಕೊಂಡು ಹೋಗಿ. ಕಲ್ಲಿನ ಸುತ್ತ ಸ್ವಲ್ಪ ಜಾಗ ಬಿಟ್ಟು ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಜೆಸಿಬಿ ಬಂದ ದಿನ ಒಬ್ಬರು ಅಲ್ಲೇ ನಿಂತಿರಿ.