ಎಸ್‌ಎಲ್‌ಆರ್: ಮ್ಯಾಗಜಿನ್‌ನಿಂದ ಹೊರಬೀಳುವ ತನಕ ಒಂದು ರೌಂಡಿನ ದಾರಿ (ಎನ್‌ಸಿಸಿ ಟಿಪ್ಪಣಿ)

ಎನ್‌ಸಿಸಿ ಪರೀಕ್ಷೆಗೆ ಕೂರುವವರು 7.62 ಎಂಎಂ ಎಸ್‌ಎಲ್‌ಆರ್‌ನ (ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಮುಂದಿನ ರೌಂಡನ್ನು ತಾನೇ ತುಂಬಿಕೊಳ್ಳುವ ರೈಫಲ್) ಭಾಗಗಳ ಹೆಸರನ್ನು ಪಟಪಟ ಹೇಳುತ್ತಾರೆ. ಯಾವ ಭಾಗ ಯಾವಾಗ ಏನು ಮಾಡುತ್ತದೆ ಎಂದರೆ ತಡವರಿಸುತ್ತಾರೆ. ಒಂದೇ ಒಂದು ರೌಂಡನ್ನು (ಮದ್ದು ತುಂಬಿದ ಕೇಸು ಮತ್ತು ಅದರ ತುದಿಯ ಬುಲೆಟ್ ಸೇರಿದ ಇಡೀ ತೋಟಾ) ಹಿಂಬಾಲಿಸಿ. ಪ್ರತಿ ಹಂತದಲ್ಲೂ ಅದು ಈಗ ಯಾರ ಹಿಡಿತದಲ್ಲಿದೆ ಎಂದು ಕೇಳಿಕೊಳ್ಳಿ. ಅರ್ಧ ಪಾಠ ಅಲ್ಲಿಗೆ ಮುಗಿಯಿತು.

ಹಿನ್ನೆಲೆ ಇಷ್ಟೇ: 1962ರ ಯುದ್ಧದಲ್ಲಿ ನಮ್ಮ ಕಾಲಾಳುಗಳ ಬಳಿ ಹೆಚ್ಚಾಗಿ ಇದ್ದದ್ದು .303 ಲೀ-ಎನ್‌ಫೀಲ್ಡ್. ಅದರಲ್ಲಿ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕು. ಆಮೇಲೆ ಬಂದ, ಇಶಾಪುರದ ರೈಫಲ್ ಕಾರ್ಖಾನೆಯ 1ಎ1 ಎಸ್‌ಎಲ್‌ಆರ್, ಬೆಲ್ಜಿಯಂನ ಎಫ್‌ಎನ್ ಫಾಲ್ ರೈಫಲ್‌ನ ವಂಶದ್ದು.

ಮ್ಯಾಗಜಿನ್

ಪೆಟ್ಟಿಗೆ, ಒಳಗೆ ಸ್ಪ್ರಿಂಗ್, ಅದರ ಮೇಲೆ ರೌಂಡುಗಳನ್ನು ಎತ್ತಿಹಿಡಿಯುವ ಪ್ಲಾಟ್‌ಫಾರ್ಮ್, ಕೆಳಗೆ ತಳದ ತಗಡು. ಹಿಡಿಯುವುದು 20 ರೌಂಡು, ಎಡ-ಬಲ ಎರಡು ಸಾಲಾಗಿ. ಎಲ್ಲಕ್ಕಿಂತ ನಾಜೂಕಾದದ್ದು ಬಾಯಿಯ ಎರಡು ತುಟಿಗಳು. ಮೇಲಿನ ರೌಂಡು ಯಾವ ಕೋನದಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಅವೇ. ಮ್ಯಾಗಜಿನ್ ಕೆಳಗೆ ಬಿದ್ದು ತುಟಿ ಬಾಗಿದರೆ ಗುಂಡಿನ ಮೂತಿ ಚೇಂಬರ್‌ನ (ಬ್ಯಾರೆಲ್‌ನ ಹಿಂತುದಿಯಲ್ಲಿ ರೌಂಡು ಕೂರುವ ಗೂಡು) ಅಂಚಿಗೆ ಹೊಡೆದು ಸಿಕ್ಕಿಕೊಳ್ಳುತ್ತದೆ. ಅಂಥ ಮ್ಯಾಗಜಿನ್ ಅನ್ನು ಇಕ್ಕಳದಿಂದ ಸರಿಮಾಡಲು ಹೋಗಬೇಡಿ, ಪಕ್ಕಕ್ಕಿಡಿ. ಪ್ಲಾಟ್‌ಫಾರ್ಮನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ತಡೆಯಿಲ್ಲದೆ ಮೇಲೇಳಬೇಕು. ಒಳಗೆ ಎಣ್ಣೆ ಸುರಿದರೆ ಧೂಳು ಅಂಟಿ ಅದೂ ತಡವಾಗುತ್ತದೆ.

.303 ರೌಂಡಿನ ಬುಡದಲ್ಲಿ ಹೊರಚಾಚಿದ ಅಂಚಿತ್ತು. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತಿದ್ದವು. ಎಸ್‌ಎಲ್‌ಆರ್‌ನ 7.62×51 ರೌಂಡಿನಲ್ಲಿ ಆ ಅಂಚಿಲ್ಲ, ಆ ತಲೆನೋವೂ ಇಲ್ಲ.

ತೊಡಿಸುವಾಗ ಮ್ಯಾಗಜಿನ್‌ನ ಮುಂದಿನ ತುದಿ ಮೊದಲು. ಅದು ಕಚ್ಚಿದ ಮೇಲೆ ಹಿಂಭಾಗವನ್ನು 'ಟಕ್' ಎನ್ನುವ ತನಕ ಮೇಲೆತ್ತಿ, ಒಮ್ಮೆ ಜಗ್ಗಿ ನೋಡಿ. ಅರ್ಧಂಬರ್ಧ ಕೂತಿದ್ದರೆ ಬ್ರೀಚ್ ಬ್ಲಾಕ್ (ರೌಂಡನ್ನು ಒಳಗೆ ತಳ್ಳಿ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ರೌಂಡನ್ನು ತಳ್ಳದೆ ಅದರ ಮೇಲಿನಿಂದಲೇ ಹಾದುಹೋಗುತ್ತದೆ. ಟ್ರಿಗರ್ ಒತ್ತಿದರೆ ಬರೀ ಸದ್ದು.

ಗುಂಡು ಹಾರಿದಾಗ

ಬುಲೆಟ್ ಬ್ಯಾರೆಲ್‌ನ ಗ್ಯಾಸ್ ರಂಧ್ರವನ್ನು ದಾಟಿದೊಡನೆ ಸ್ವಲ್ಪ ಗ್ಯಾಸ್ ಮೇಲಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಪಿಸ್ಟನ್, ಬ್ರೀಚ್ ಬ್ಲಾಕನ್ನು ಹೊತ್ತ ಕ್ಯಾರಿಯರ್‌ಗೆ ಗುದ್ದು ಕೊಟ್ಟು, ತನ್ನ ಸ್ಪ್ರಿಂಗಿನಿಂದ ವಾಪಸಾಗುತ್ತದೆ. ಕ್ಯಾರಿಯರ್ ಮೊದಲು ಸ್ವಲ್ಪ ದೂರ ಒಂಟಿಯಾಗಿ ಸರಿಯುತ್ತದೆ. ಇದನ್ನು ಮರೆಯಬೇಡಿ: ಅಷ್ಟರಲ್ಲಿ ಬ್ಯಾರೆಲ್‌ನ ಒತ್ತಡ ಇಳಿದಿರುತ್ತದೆ. ಅನಂತರವೇ ಕ್ಯಾರಿಯರ್ ಬ್ರೀಚ್ ಬ್ಲಾಕ್‌ನ ಹಿಂಭಾಗವನ್ನು ಲಾಕಿಂಗ್ ಶೋಲ್ಡರ್‌ನಿಂದ (ಬ್ಲಾಕ್ ಹಿಂದೆ ಸರಿಯದಂತೆ ತಡೆದಿಡುವ ಆನಿಕೆ) ಮೇಲೆತ್ತಿ ಬಿಡಿಸುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಖಾಲಿ ಕೇಸನ್ನು ಎಳೆಯುತ್ತದೆ, ಇಜೆಕ್ಟರ್‌ಗೆ ತಾಗಿ ಕೇಸು ಹೊರಗೆ ಹಾರುತ್ತದೆ, ಹ್ಯಾಮರ್ (ಬಡಿದು ಗುಂಡು ಹಾರಿಸುವ ಭಾಗ) ಹಿಂದಕ್ಕೆ ಒರಗುತ್ತದೆ. ಬಟ್‌ನೊಳಗಿನ ರಿಟರ್ನ್ ಸ್ಪ್ರಿಂಗ್ ಎಲ್ಲವನ್ನೂ ಮುಂದಕ್ಕೆ ನೂಕುವಾಗ ಮುಂದಿನ ರೌಂಡು ತುಟಿಗಳಿಂದ ಜಾರಿ ಚೇಂಬರ್ ಸೇರುತ್ತದೆ. ಬೆರಳು ಸಡಿಲಿಸಿ ಮತ್ತೆ ಒತ್ತುವ ತನಕ ಹ್ಯಾಮರ್ ಬೀಳುವುದಿಲ್ಲ. ಒಂದು ಒತ್ತಿಗೆ ಒಂದೇ ಗುಂಡು.

ಲಾಕಿಂಗ್ ಶೋಲ್ಡರ್ ಹಲವು ಅಳತೆಗಳಲ್ಲಿ ಬರುತ್ತದೆ, ಪ್ರತಿ ರೈಫಲಿಗೂ ಹೊಂದುವುದನ್ನೇ ಆರಿಸಿ ಕೂರಿಸಿರುತ್ತಾರೆ. ನಾಲ್ಕಾರು ರೈಫಲ್ ಒಟ್ಟಿಗೆ ಬಿಚ್ಚಿ ಒರೆಸುವಾಗ ಬ್ರೀಚ್ ಬ್ಲಾಕ್‌ಗಳು ಅದಲುಬದಲಾದರೆ ಆ ಹೊಂದಾಣಿಕೆ ತಪ್ಪಿ ಅಪಾಯ. ಜೋಡಿಸುವ ಮುನ್ನ ನಂಬರ್ ನೋಡಿ.

ನಿಂತುಹೋದರೆ

ಕೇಸು ಪೂರ್ತಿ ಹೊರಬೀಳದೆ ಸಿಕ್ಕಿಕೊಂಡರೆ, ಅಥವಾ ಮ್ಯಾಗಜಿನ್ ಸರಿಯಾಗಿ ಕೂತಿದ್ದು, ಅದರಲ್ಲಿ ರೌಂಡಿದ್ದೂ ಚೇಂಬರ್ ಖಾಲಿಯಿದ್ದರೆ ಮೊದಲ ಅನುಮಾನ ಗ್ಯಾಸ್ ಸಾಲದು ಎಂಬುದು. ವೈವಾದಲ್ಲಿ ಬಹಳ ಮಂದಿ ತಲೆಕೆಳಗಾಗಿ ಹೇಳುವುದು ಇಲ್ಲೇ: ಗ್ಯಾಸಿನ ಪ್ರಮಾಣ ಹೊಂದಿಸುವ ರೆಗ್ಯುಲೇಟರನ್ನು ಮುಚ್ಚಿದಷ್ಟೂ ಹೊರಗೆ ಸೋರುವ ಗ್ಯಾಸ್ ಕಡಿಮೆ, ಪಿಸ್ಟನ್ನಿಗೆ ಸಿಗುವುದು ಹೆಚ್ಚು. ಹಾಗೆಂದು ಪೂರ್ತಿ ಮುಚ್ಚಿಟ್ಟರೆ ಹೆಗಲಿಗೆ ಒದೆತ ಜೋರು, ಭಾಗಗಳಿಗೂ ಅನಗತ್ಯ ಪೆಟ್ಟು. ಸಿಲಿಂಡರಿನ ಮುಂತುದಿಯ ಗ್ಯಾಸ್ ಪ್ಲಗ್, ರೈಫಲ್‌ನಿಂದ ಗ್ರನೇಡ್ ಹಾರಿಸುವ ಸ್ಥಾನಕ್ಕೆ ತಿರುಗಿದ್ದರಂತೂ ಪಿಸ್ಟನ್ನಿಗೆ ಗ್ಯಾಸೇ ಹೋಗದು. ಪ್ರತಿ ಗುಂಡಿಗೂ ಕೈಯಿಂದ ಹ್ಯಾಂಡಲ್ ಎಳೆದು ಬಿಟ್ಟು ಕಾಕ್ ಮಾಡಬೇಕಾಗುತ್ತದೆ. ಶುಚಿಮಾಡಿ ಜೋಡಿಸಿದ ಮೇಲಿನ ತಪ್ಪುಗಳಲ್ಲಿ ಇದನ್ನು ಮೊದಲು ಹುಡುಕಿ.

ಖಾಲಿ ಕರ್ (ರೈಫಲ್ ಖಾಲಿ ಮಾಡಲು ಕೊಡುವ ಆದೇಶ)

ಮ್ಯಾಗಜಿನ್ ತೆಗೆದರೂ ಚೇಂಬರ್‌ನಲ್ಲಿ ಒಂದು ರೌಂಡು ಉಳಿದಿರಬಹುದು. ಆದ್ದರಿಂದ ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ; ಮೊದಲು ಮ್ಯಾಗಜಿನ್ ಕಳಚಿ, ಆಮೇಲೆ ಕಾಕಿಂಗ್ ಹ್ಯಾಂಡಲ್ ಎಳೆದು ಒಳಗಿನದನ್ನು ಹೊರಹಾಕಿ, ಚೇಂಬರನ್ನು ಕಣ್ಣಾರೆ ನೋಡಿ. ಕ್ರಮ ಹಿಂದುಮುಂದಾಗಿ ಮೊದಲೇ ಎಳೆದರೆ ಒಂದು ರೌಂಡು ಹೊರಬೀಳುತ್ತದೆ, ಮ್ಯಾಗಜಿನ್‌ನಿಂದ ಇನ್ನೊಂದು ಒಳಹೋಗುತ್ತದೆ. ಆಮೇಲೆ ಮ್ಯಾಗಜಿನ್ ಕಳಚಿದವನು ಕೈಯಲ್ಲಿ ಹಿಡಿದಿರುವುದು ತುಂಬಿದ ರೈಫಲನ್ನೇ.