ಬೇಸ್‌ಬಾಲ್ ಹಾಡು ಬರೆದವರು ಆಟವನ್ನೇ ನೋಡಿರಲಿಲ್ಲವೇ?

ಪ್ರಶ್ನೆ: ಅಮೆರಿಕದ ಮೈದಾನಗಳಲ್ಲಿ ಏಳನೇ ಇನಿಂಗ್ಸ್ ನಡುವೆ ಜನರೆಲ್ಲ ಎದ್ದು ನಿಂತು ಹಾಡುವ ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’ (ನನ್ನನ್ನು ಬೇಸ್‌ಬಾಲ್ ಆಟಕ್ಕೆ ಕರೆದೊಯ್ಯಿ) ಬರೆದವರು ಒಂದು ಪಂದ್ಯವನ್ನೂ ನೋಡಿರಲಿಲ್ಲವಂತೆ. ನಿಜವೇ?

ಉತ್ತರ: ಹಾಡು ಬರೆದ ಜಾಕ್ ನಾರ್ವರ್ತ್ ಹೇಳಿಕೊಂಡಿದ್ದೇ ಹಾಗೆ. 1908ರಲ್ಲಿ ನ್ಯೂಯಾರ್ಕ್‌ನ ರೈಲಿನಲ್ಲಿ ಹೋಗುವಾಗ, ಪೋಲೊ ಗ್ರೌಂಡ್ಸ್ ಮೈದಾನದಲ್ಲಿ ಇಂದು ಆಟವಿದೆ ಎಂಬ ಫಲಕ ಕಂಡು ಹಾಡು ಹೊಳೆಯಿತು ಎನ್ನುತ್ತಿದ್ದರು. ಮೇಜರ್ ಲೀಗ್ ಎಂಬ ಅಮೆರಿಕದ ದೊಡ್ಡ ಲೀಗಿನ ಪಂದ್ಯವನ್ನು ಅವರು ಮೊದಲು ನೋಡಿದ್ದು 1940ರಲ್ಲಿ.

1879ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ನಾರ್ವರ್ತ್ ವಾಡೆವಿಲ್ ರಂಗದ ಕಲಾವಿದರು. ಹಾಡು, ಹಾಸ್ಯ, ಜಾದೂ, ಕಸರತ್ತು ಒಂದರ ಬೆನ್ನಿಗೊಂದು ಬರುವ ರಂಗ ಅದು. ದೊಡ್ಡ ರಂಗಮಂದಿರಗಳಲ್ಲಿ ದಿನಕ್ಕೆರಡು ಆಟ, ಒಂದು ಮಧ್ಯಾಹ್ನ, ಇನ್ನೊಂದು ರಾತ್ರಿ. ಬೇಸ್‌ಬಾಲ್ ನಡೆಯುತ್ತಿದ್ದುದೂ ಮಧ್ಯಾಹ್ನವೇ. ದೊಡ್ಡ ಲೀಗಿನಲ್ಲಿ ದೀಪದ ಬೆಳಕಿನ ಪಂದ್ಯ ಶುರುವಾದದ್ದು 1935ರಲ್ಲಿ. ರಂಗದ ಮೇಲಿದ್ದವರು ಮೈದಾನಕ್ಕೆ ಹೋಗುವುದು ಸುಲಭವಿರಲಿಲ್ಲ.

ಆದರೆ ಪ್ರೇಕ್ಷಕರ ನಾಡಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಲವೇ ನಿಮಿಷಗಳ ಅವಕಾಶದಲ್ಲಿ, ಮೊದಲ ಸಲ ಕೇಳಿದಾಗಲೇ ಬಾಯಿಗೆ ಬರುವ ಪಲ್ಲವಿ ಬೇಕು. ಸಂಗೀತ ಸಂಯೋಜಕ ಆಲ್ಬರ್ಟ್ ವಾನ್ ಟಿಲ್ಜರ್ ಅದಕ್ಕೆ ಮೂರೆಣಿಕೆಯ ವಾಲ್ಟ್ಜ್ ಲಯ ಕೊಟ್ಟರು. ಹಾಡನ್ನು ಊರೂರಿಗೆ ಒಯ್ದ ದಾರಿಗಳಲ್ಲಿ ಚಿತ್ರಮಂದಿರವೂ ಒಂದು: ರೀಲು ಬದಲಿಸುವ ಹೊತ್ತಿನಲ್ಲಿ ಬಣ್ಣ ಹಚ್ಚಿದ ಗಾಜಿನ ಚಿತ್ರಗಳನ್ನು ಪರದೆಗೆ ಬಿಟ್ಟು, ಪಕ್ಕದಲ್ಲಿ ಗಾಯಕ ಹಾಡುತ್ತಿದ್ದ. ಕೊನೆಯ ಗಾಜಿನಲ್ಲಿ ಪಲ್ಲವಿಯ ಸಾಲುಗಳಿರುತ್ತಿದ್ದವು, ಜನ ದನಿಗೂಡಿಸಲಿ ಎಂದು. 1908ರಲ್ಲೇ ಮದುವೆಯಾದ ಪತ್ನಿ, ಗಾಯಕಿ ನೋರಾ ಬೇಯ್ಸ್ ಜೊತೆ ನಾರ್ವರ್ತ್ ಹೆಸರಿರುವ ‘ಶೈನ್ ಆನ್, ಹಾರ್ವೆಸ್ಟ್ ಮೂನ್’ ಕೂಡ ಜನಪ್ರಿಯವಾಯಿತು.

ಮೈದಾನದಲ್ಲಿ ಕೇಳುವುದು ಬರೀ ಪಲ್ಲವಿ, ಇಡೀ ಹಾಡಲ್ಲ. ಚರಣಗಳಲ್ಲಿ ಬೇಸ್‌ಬಾಲ್ ಹುಚ್ಚಿನ ಕೇಟಿ ಕೇಸಿ ಎಂಬ ಹುಡುಗಿ ಇದ್ದಾಳೆ. ನಾಟಕಕ್ಕೆ ಬಾ ಎಂದು ಕರೆದ ಗೆಳೆಯನಿಗೆ ಅವಳು ಕೊಡುವ ಉತ್ತರವೇ ಆ ಪಲ್ಲವಿ. ರಂಗದವರೊಬ್ಬರು ನಾಟಕ ಒಲ್ಲೆ ಎನ್ನುವ ಹುಡುಗಿಯನ್ನು ಇಷ್ಟು ಪ್ರೀತಿಯಿಂದ ಬರೆದದ್ದೇ ಈ ಹಾಡಿನ ಸೊಗಸು. 1927ರ ಆವೃತ್ತಿಯಲ್ಲಿ ಅವಳು ನೆಲ್ಲಿ ಕೆಲ್ಲಿ ಆದಳು. ನಿಮ್ಮ ಕೈಲಿರುವ ಪ್ರತಿ ಯಾವ ಆವೃತ್ತಿಯದು ಎಂದು ತಿಳಿಯಲು ಮೊದಲು ಈ ಹೆಸರು ನೋಡಿ.

ಶಾಲಾ ಕಾರ್ಯಕ್ರಮದಲ್ಲಿ ಹಾಡಿಸಬಹುದೇ ಎಂದೂ ಕೆಲವರು ಕೇಳುತ್ತಾರೆ. ಧಾರಾಳವಾಗಿ. ವಾನ್ ಟಿಲ್ಜರ್ 1956ರಲ್ಲಿ, ನಾರ್ವರ್ತ್ 1959ರಲ್ಲಿ ತೀರಿಕೊಂಡರು. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ನಂತರ 60 ವರ್ಷ, ಅದು 2019ಕ್ಕೆ ಮುಗಿದಿದೆ. ಹೊಸ ಧ್ವನಿಮುದ್ರಣಗಳ ಹಕ್ಕು ಮಾತ್ರ ಬೇರೆ, ಅವನ್ನು ಬಳಸುವುದಾದರೆ ಅನುಮತಿ ಬೇಕು.