ಎರಡು ಕೋಟೆಗಳು ಮತ್ತು ಐದು ನಕ್ಷತ್ರಗಳು

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಹೊರಟವರಿಗೆ ಎರಡು ಕೋಟೆಗಳು ಸಿಗುತ್ತವೆ. ಒಂದು ಚಂದ್ರಗಿರಿ ಹೊಳೆಯ ದಡದ ಎತ್ತರದಲ್ಲಿದೆ, ಇನ್ನೊಂದು ಬೇಕಲದ ಕಡಲಂಚಿನಲ್ಲಿ. ಎರಡೂ 17ನೇ ಶತಮಾನದಲ್ಲಿ, ಕೆಳದಿಯ ಶಿವಪ್ಪ ನಾಯಕನ ಆಳ್ವಿಕೆಯಲ್ಲಿ ಕಟ್ಟಿದವೆಂಬುದು ಪ್ರಚಲಿತ ಅಭಿಪ್ರಾಯ. ತುಳುನಾಡಿಗೂ ಮಲೆಯಾಳ ಸೀಮೆಗೂ ಗಡಿಯೆಂದು ಹಿಂದಿನಿಂದ ಎಣಿಸಲಾದ ಹೊಳೆಯನ್ನು ಕಾಯುವ ಕೋಟೆಯು ಕೆಳದಿಯವರ ಪಾಲಿಗೆ ಅಲ್ಪವಾಗಿರಲು ಸಾಧ್ಯವಿಲ್ಲ. ಆದರೂ ದೂರದಿಂದ ಬರುವ ಪ್ರವಾಸಿಗರಲ್ಲಿ ಬಹುತೇಕರು ಬೇಕಲವನ್ನು ನೋಡಿ, ಚಂದ್ರಗಿರಿಯ ಹೆಸರನ್ನೂ ಕೇಳದೆ ಮರಳುತ್ತಾರೆ. ಸುಮಾರು 40 ಎಕರೆಯ ಬೇಕಲ ದೊಡ್ಡದು, ಕಡಲಿಗೆ ಚಾಚಿಕೊಂಡದ್ದು ಎಂಬುದು ನಿಜ. ಆದರೆ ಈ ಪರಿಯ ಅಂತರಕ್ಕೆ ಅಷ್ಟೇ ಕಾರಣ ಸಾಲದು. 1995ರಲ್ಲಿ ತೆರೆಕಂಡ ತಮಿಳು ಚಿತ್ರವೊಂದರ ಹಾಡು ಬೇಕಲದಲ್ಲಿ ಚಿತ್ರೀಕರಣಗೊಂಡಿತ್ತು. ಹಾಡು ನೋಡಿದವರು ಬಂದರು, ಬಂದವರು ಫೋಟೊ ಹಂಚಿದರು, ಫೋಟೊ ನೋಡಿದವರು ಮತ್ತೆ ಬಂದರು.

ನೆಟ್ಟಿನ ವಿಮರ್ಶೆಗಳಲ್ಲಿ ಹೆಚ್ಚು ನಕ್ಷತ್ರ ಮತ್ತು ಹೆಚ್ಚು ಹೊಗಳಿಕೆ ಸಿಕ್ಕಿದ ತಾಣವೇ ಹೆಚ್ಚು ಚೆನ್ನಾಗಿರುತ್ತದೆ ಎಂಬ ನಂಬಿಕೆಯನ್ನು ನಾನು ನಮ್ಮ ಕಾಲದ ಹೊಸ ಮೂಢನಂಬಿಕೆಯೆಂದೇ ಎಣಿಸುತ್ತೇನೆ. ಅಂಕಿಗಳ ವೇಷ ತೊಟ್ಟಿರುವುದರಿಂದ ಅದನ್ನು ಪ್ರಶ್ನಿಸುವವರು ಕಡಿಮೆ.

ಬಂದವರೇ ಮತ್ತಷ್ಟು ಜನರನ್ನು ಸೆಳೆಯುವ ಈ ಚಕ್ರದ ಹಿಂದಿರುವ ಗಣಿತವನ್ನು 1923ರಲ್ಲೇ ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ, ಎಗ್ಗೆನ್‌ಬರ್ಗರ್ ಅವರೊಡನೆ ಸೇರಿ ನಿರೂಪಿಸಿದ್ದರು. ಒಂದು ಮಡಕೆಯಲ್ಲಿ ಒಂದು ಕೆಂಪು ಮತ್ತು ಒಂದು ಬಿಳಿ ಗೋಲಿಯಿದೆ ಎಂದುಕೊಳ್ಳಿ. ಕಣ್ಣುಮುಚ್ಚಿ ಒಂದನ್ನು ತೆಗೆದು, ಅದನ್ನೂ ಅದೇ ಬಣ್ಣದ ಇನ್ನೊಂದು ಗೋಲಿಯನ್ನೂ ಮಡಕೆಗೆ ಹಾಕಬೇಕು. ಮೊದಲ ಸಲ ಕೆಂಪು ಬಂದರೆ ಎರಡನೆಯ ಸಲ ಕೆಂಪು ಬರುವ ಸಂಭವ ಅರ್ಧದಿಂದ ಮೂರನೇ ಎರಡಕ್ಕೆ ಏರುತ್ತದೆ. ಆದರೆ ಸಾವಿರ ಗೋಲಿಗಳು ತುಂಬಿದ ಮೇಲೆ ಇನ್ನೊಂದು ಗೋಲಿಯಿಂದ ಆಗುವ ಬದಲಾವಣೆ ನಗಣ್ಯ. ಪ್ರತಿ ಮಡಕೆಯಲ್ಲಿಯೂ ಬಣ್ಣಗಳ ಅನುಪಾತ ಕೊನೆಗೆ ಒಂದು ಕಡೆ ನೆಲೆನಿಲ್ಲುತ್ತದೆ, ಆದರೆ ಎಲ್ಲಿ ನಿಲ್ಲುತ್ತದೆಂದು ಮುಂಚಿತವಾಗಿ ಯಾರೂ ಹೇಳಲಾರರು. ಹತ್ತು ಮಡಕೆಗಳಿಟ್ಟರೆ ಹತ್ತು ಬೇರೆಬೇರೆ ಅನುಪಾತಗಳು ಸಿಗಬಹುದು, ಮತ್ತು ಪ್ರತಿಯೊಂದೂ ತಾನು ಹೀಗಿರುವುದೇ ಸಹಜವೆಂಬಂತೆ ಸ್ಥಿರವಾಗಿ ತೋರುತ್ತದೆ. ನನಗೆ ಇದರಲ್ಲಿ ಅತ್ಯಂತ ಸೋಜಿಗವೆನಿಸುವುದು ಆ ಸ್ಥಿರತೆಯೇ.

ಮನುಷ್ಯರು ಗೋಲಿಗಳಲ್ಲವಲ್ಲ ಎಂಬ ಆಕ್ಷೇಪಕ್ಕೆ ಪ್ರಯೋಗಗಳು ಉತ್ತರ ಕೊಟ್ಟಿವೆ. 2006ರಲ್ಲಿ ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 14,000ಕ್ಕೂ ಹೆಚ್ಚು ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಕೆಲವರಿಗೆ ಇತರರ ಆಯ್ಕೆ ಕಾಣುತ್ತಿರಲಿಲ್ಲ; ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಲ್ಲಿಟ್ಟು ಆಯಾ ಗುಂಪಿನ ಆಯ್ಕೆಗಳನ್ನು ತೋರಿಸಲಾಯಿತು. ಸ್ವತಂತ್ರ ಕೇಳುಗರಲ್ಲಿ 26ನೇ ಸ್ಥಾನ ಪಡೆದ ಹಾಡೊಂದು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಮತ್ತೊಂದರಲ್ಲಿ 40ನೆಯದಾಯಿತು. ಅತ್ಯುತ್ತಮವಾದದ್ದು ತೀರಾ ಕೆಳಗಿಳಿಯುವುದು, ತೀರಾ ಕಳಪೆಯದ್ದು ಗೆಲ್ಲುವುದು ಅಪರೂಪವಾಗಿತ್ತು. ನಡುವಿನವುಗಳ ಭವಿಷ್ಯವನ್ನು ಮೊದಲು ಬಂದವರು ಬರೆದರು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಸುದ್ದಿತಾಣವೊಂದರಲ್ಲಿ ಓದುಗರು ಬರೆದ ಅಭಿಪ್ರಾಯಗಳಿಗೆ ಸಂಶೋಧಕರು ಯಾದೃಚ್ಛಿಕವಾಗಿ ಒಂದೇ ಒಂದು ಮೆಚ್ಚುಗೆಯನ್ನು ಮೊದಲೇ ಸೇರಿಸಿದ್ದರು. ಅವುಗಳ ಅಂತಿಮ ಅಂಕ ಸರಾಸರಿ ಶೇ. 25ರಷ್ಟು ಏರಿತು. ಬೇರೆ ಕೆಲವಕ್ಕೆ ಹೀಗೆಯೇ ಸೇರಿಸಿದ್ದ ಸುಳ್ಳು ತೆಗಳಿಕೆಯನ್ನು ಜನ ತಾವಾಗಿ ಸರಿಪಡಿಸಿದರು, ಸುಳ್ಳು ಹೊಗಳಿಕೆಯನ್ನು ಸರಿಪಡಿಸಲಿಲ್ಲ.

ಪ್ರವಾಸಿಗರ ಭಾವನೆ ಹೀಗೆ ತಾಣವನ್ನು ಅಳೆಯುವುದಷ್ಟೇ ಅಲ್ಲ, ತಾಣವನ್ನು ನಿರ್ಮಿಸುತ್ತದೆ. ಜನ ಸೇರುವಲ್ಲಿಗೆ ಬಸ್ಸು ಬರುತ್ತದೆ, ಹೋಟೆಲು ಏಳುತ್ತದೆ, ಶೌಚಾಲಯ ಸುಧಾರಿಸುತ್ತದೆ, ಆಗ ಮುಂದಿನವರ ಹೊಗಳಿಕೆ ಸತ್ಯವೇ ಆಗಿಬಿಡುತ್ತದೆ. ಜಾಗ ಕಿಂಚಿತ್ತೂ ಬದಲಾಗದೆ ಭಾವನೆಯೊಂದೇ ತಿರುಗಿದಾಗ ಏನಾಗುತ್ತದೆಂಬುದನ್ನು 2024ರ ಜನವರಿ ತೋರಿಸಿತು. ಭಾರತದ ಪ್ರಧಾನಿಯ ಲಕ್ಷದ್ವೀಪ ಭೇಟಿಯ ಬಳಿಕ ಮಾಲ್ಡೀವ್ಸ್‌ನ ಕೆಲವು ಉಪಸಚಿವರು ಆಡಿದ ಹಗುರ ಮಾತುಗಳು ಭಾರತೀಯರನ್ನು ಕೆರಳಿಸಿದವು. 2023ರಲ್ಲಿ 2 ಲಕ್ಷ ದಾಟಿದ್ದ ಅಲ್ಲಿನ ಭಾರತೀಯ ಪ್ರವಾಸಿಗರ ಸಂಖ್ಯೆ 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಕುಸಿಯಿತು. ಹವಳದ ದಿಬ್ಬಗಳಾಗಲಿ ನೀರಿನ ನೀಲಿಯಾಗಲಿ ಆ ವರ್ಷ ಅಲ್ಲಿಂದ ಎಲ್ಲಿಗೂ ಹೋಗಿರಲಿಲ್ಲ.

ನೆಟ್ಟಿನಲ್ಲಿ ಪ್ರವಾಸಿಗರು ಬರೆದದ್ದನ್ನೆಲ್ಲ ಕಂಪ್ಯೂಟರಿನಿಂದ ಓದಿಸಿ, ಮೆಚ್ಚುಗೆ ಎಷ್ಟು, ಬೇಸರ ಎಷ್ಟು ಎಂದು ಎಣಿಸಿ ಯೋಜನೆ ರೂಪಿಸುವ ಪದ್ಧತಿಯಲ್ಲಿ ನನ್ನ ಆತಂಕವಿರುವುದು ಇಲ್ಲಿಯೇ. ಪದಗಳನ್ನು ಮಾತ್ರ ಎಣಿಸುವ ಸರಳ ತಂತ್ರಾಂಶವು "ಚೆನ್ನಾಗಿಲ್ಲದೇ ಏನು" ಎಂಬ ಮೆಚ್ಚುಗೆಯನ್ನು ದೂರೆಂದು ತಿಳಿಯಬಹುದು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿಗಳು ಒಂದೇ ವಾಕ್ಯದಲ್ಲಿ ಬೆರೆಯುವ ನಮ್ಮ ಗಡಿನಾಡಿನ ಬರಹ ಇಂಗ್ಲಿಷಿಗೆ ಪಳಗಿದ ಯಂತ್ರಕ್ಕೆ ಹೇಗೆ ದಕ್ಕೀತು? ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಜನ ಬರೆಯದ ಚಂದ್ರಗಿರಿಯ ಪರವಾಗಿ ಎಣಿಸಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಹಾಡುಗಳ ಪ್ರಯೋಗದಲ್ಲಿ ಇತರರ ಆಯ್ಕೆ ಕಾಣದ ಕೇಳುಗರಿದ್ದಂತೆ, ನಕ್ಷತ್ರಗಳನ್ನು ನೋಡದೆ ಬಂದವರನ್ನು ಆರಿಸಿ, ಎರಡೂ ಕೋಟೆಗಳ ಬಾಗಿಲಲ್ಲಿ ಅವರದೇ ಭಾಷೆಯಲ್ಲಿ ಪ್ರಶ್ನೆ ಕೇಳುವ ಸಮೀಕ್ಷೆಯನ್ನು ಪ್ರವಾಸೋದ್ಯಮ ಇಲಾಖೆ ನಡೆಸಬಹುದು. ಅದಕ್ಕೆ ದುಬಾರಿ ತಂತ್ರಾಂಶವೇನೂ ಬೇಕಾಗಿಲ್ಲ.